ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು, ನಮ್ಮಜ್ಜಿ ಹಾಕಿದ್ದ ಓಟು

ಡಿ.ಬಿ. ಚಂದ್ರೇಗೌಡರು ತೀರಿಕೊಂಡಿದ್ದು 2023ರ ನವೆಂಬರ್ 7ಕ್ಕೆ. ನಮ್ಮ ತೋಟದಲ್ಲಿ ಆಗಷ್ಟೇ ಅರೇಬಿಕಾ ಕೊಯ್ಲು ಶುರುವಾಗಿತ್ತು. ಅವರ ಊರು ದಾರದಹಳ್ಳಿ ನಮ್ಮ ಮೂಡಿಗೆರೆ ತಾಲ್ಲೂಕಿನದೇ. ಅವತ್ತು ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಇಂದಿರಮ್ಮಂಗೆ ಸೀಟು ಬಿಟ್ಟುಕೊಟ್ಟ ಗೌಡ್ರು ಹೋದ್ರು."

ಅಷ್ಟು ವರ್ಷ ರಾಜಕೀಯ ಮಾಡಿದ ಮನುಷ್ಯನನ್ನು ಊರು ನೆನೆಯುವುದು ಅವರು ಬಿಟ್ಟ ಸೀಟಿನಿಂದ. ನನಗೂ ಮೊದಲು ನೆನಪಾಗಿದ್ದು ಅದೇ. ಕಾರಣ ನಮ್ಮಜ್ಜಿ.

1977ರಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ಸೋತರು. ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿ ಹೋದರೂ ಕರ್ನಾಟಕದ 28ರಲ್ಲಿ 26 ಸೀಟು ಅದಕ್ಕೇ ಬಂದವು. ಚಿಕ್ಕಮಗಳೂರಿನಿಂದ ಚಂದ್ರೇಗೌಡರು ಎರಡನೇ ಸಲ ಗೆದ್ದರು. ಅಜ್ಜಿ ಓಟು ಹಾಕಿದ್ದು ಅವರಿಗೆ. ಮರುವರ್ಷ ಅವರು ರಾಜೀನಾಮೆ ಕೊಟ್ಟು ಇಂದಿರಾಗೆ ದಾರಿ ಬಿಟ್ಟರು. ಆಮೇಲೆ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾದರು.

ಆ ನವೆಂಬರಿನ ಉಪಚುನಾವಣೆ ಇಡೀ ದೇಶವನ್ನೇ ನಮ್ಮ ಘಟ್ಟಕ್ಕೆ ಕರೆತಂದಿತ್ತು. ಎದುರಿಗೆ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಅವರ ಪರ ಓಡಾಡಿದ್ದು ಜಾರ್ಜ್ ಫರ್ನಾಂಡಿಸ್. ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರು ಕೆಲಸ ಬಿಟ್ಟು ಇಂದಿರಾ ನೋಡಲು ರಸ್ತೆಗೆ ಓಡುತ್ತಿದ್ದರಂತೆ. ಅಜ್ಜಿಯೂ ಹೋಗಿದ್ದರು. ಓಟನ್ನೂ ಅವರಿಗೇ ಹಾಕಿದರು. ಇಂದಿರಾ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಹೊರಹಾಕಿತು. ಹಿಂದೆ ಪ್ರಧಾನಿಯಾಗಿದ್ದಾಗ ಮಗ ಸಂಜಯ್ ಅವರ ಮಾರುತಿ ಕಂಪನಿ ಬಗ್ಗೆ ಸಂಸತ್ತಿನಲ್ಲಿ ಎದ್ದ ಪ್ರಶ್ನೆಗೆ ಮಾಹಿತಿ ಹುಡುಕುತ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ಟರು ಅನ್ನುವುದು ಆರೋಪ. ಅಲ್ಲಿಂದ ತಿಹಾರ್ ಜೈಲು. ಗೆದ್ದು ಎರಡು ತಿಂಗಳೂ ಆಗಿರಲಿಲ್ಲ, ನಮಗೆ ಸಂಸದರೇ ಇಲ್ಲ.

"ಗೌಡ್ರು ಒಳ್ಳೆಯವರೇ. ಆದ್ರೆ ಓಟು ನಮ್ದಲ್ವಾ? ಒಂದು ಮಾತು ಕೇಳ್ಬೇಕಿತ್ತು," ಅನ್ನುತ್ತಿದ್ದರು ಅಜ್ಜಿ. ಕಾಫಿ ಬೀಜ ಆರಿಸುತ್ತಾ ಕೂತಾಗ ಈ ಮಾತು ಎಷ್ಟು ಸಲ ಕೇಳಿದ್ದೇನೋ.

ಚಂದ್ರೇಗೌಡರ ಮೇಲಿದ್ದ ಇನ್ನೊಂದು ದೂರು ಪಕ್ಷ ಬದಲಿಸಿದ್ದು. ಇಂದಿರಾ ಮತ್ತು ಅರಸು ಬೇರೆಯಾದಾಗ ಅವರು ಅರಸು ಜೊತೆ ಹೋದರು. ಆಮೇಲೆ ಜನತಾ, ಮತ್ತೆ ಕಾಂಗ್ರೆಸ್, ಕೊನೆಗೆ ಬಿಜೆಪಿ. ಆದರೆ ವಿಧಾನಸಭೆ, ವಿಧಾನ ಪರಿಷತ್ತು, ಲೋಕಸಭೆ, ರಾಜ್ಯಸಭೆ ನಾಲ್ಕರಲ್ಲೂ ಕೂತು ಬಂದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? 1983ರಲ್ಲಿ ವಿಧಾನಸಭೆ ಸ್ಪೀಕರ್ ಆದರು. 1999ರಲ್ಲಿ ಶೃಂಗೇರಿಯಿಂದ ಗೆದ್ದು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಕಾನೂನು ಮಂತ್ರಿಯಾದರು. 2009ರಲ್ಲಿ ಬೆಂಗಳೂರು ಉತ್ತರದಲ್ಲಿ ರೈಲ್ವೆ ಮಂತ್ರಿಯಾಗಿದ್ದ ಜಾಫರ್ ಷರೀಫ್ ಅಂಥವರನ್ನೇ ಸೋಲಿಸಿದರು. ಇದು ಸುಮ್ನೆ ಬರುವುದಲ್ಲ. ಪಕ್ಷ ಬದಲಿಸಿದ್ದನ್ನು ನಾನು ಕ್ಷಮಿಸಬಲ್ಲೆ. ಪ್ರತಿ ಸಲವೂ ಅವರು ಜನರ ಮುಂದೆ ಹೋಗಿ ಓಟು ಕೇಳಲೇಬೇಕಿತ್ತು. ಆ ಸೀಟಿನ ವಿಷಯದಲ್ಲಿ ಮಾತ್ರ ನಾನು ಇವತ್ತಿಗೂ ಅಜ್ಜಿಯ ಕಡೆ.

1980ರಲ್ಲಿ ಇಂದಿರಾ ರಾಯ್‌ಬರೇಲಿ ಮತ್ತು ಮೇದಕ್‌ನಿಂದ ನಿಂತರು. ನಮ್ಮ ಕಡೆ ಬರಲಿಲ್ಲ. ಅಜ್ಜಿ ಆ ಸಲವೂ ಕೊಯ್ಲು ಬಿಟ್ಟು ಬೂತಿಗೆ ನಡೆದು ಹೋಗಿದ್ದರು. ಯಾರಿಗೆ ಹಾಕಿದರು ಅಂತ ಅಪ್ಪನಿಗೂ ಹೇಳಲಿಲ್ಲ.