ಮಾರ್ಕ್ಸ್ ಬಂತು, ಕೌನ್ಸೆಲಿಂಗ್ ಬಂತಾ?

ಪುನರ್ವಸತಿ ಕೌನ್ಸೆಲಿಂಗ್‌ನಲ್ಲಿ (ಅಂಗವೈಕಲ್ಯ ಇರುವವರು ಮತ್ತೆ ಕೆಲಸ, ಬದುಕು ಕಟ್ಟಿಕೊಳ್ಳಲು ನೆರವಾಗುವ ಆಪ್ತಸಮಾಲೋಚನೆ) ಎಂಎ ಮಾಡುವವರ ಪ್ರಗತಿಯನ್ನು ಬರೀ ಪರೀಕ್ಷೆಯಿಂದ ಅಳೆಯೋದು ನನಗಂತೂ ಸರಿ ಅನ್ನಿಸುವುದಿಲ್ಲ. ಅಮೆರಿಕದಲ್ಲಿ ಸಿಎಸಿಆರ್‌ಇಪಿ ಎಂಬ, ಕೌನ್ಸೆಲಿಂಗ್ ಕೋರ್ಸ್‌ಗಳನ್ನು ಪರಿಶೀಲಿಸುವ ಸಂಸ್ಥೆಯ ಮಾನ್ಯತೆ ಇರುವ ಕೋರ್ಸ್‌ಗಳಲ್ಲಿ ಮೊದಲು ಕನಿಷ್ಠ 100 ಗಂಟೆ ಪ್ರಾಕ್ಟಿಕಮ್ (ಮೇಲ್ವಿಚಾರಣೆಯಲ್ಲಿ ನಡೆಯುವ ಆರಂಭದ ಪ್ರಾಯೋಗಿಕ ತರಬೇತಿ), ಆಮೇಲೆ 600 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ನೇರವಾಗಿ ಜನರ ಜೊತೆಗೇ ಕೆಲಸ ಮಾಡಬೇಕು. ವಿದ್ಯಾರ್ಥಿಯ ನಡವಳಿಕೆ, ಮನೋಭಾವವನ್ನೂ ಕೋರ್ಸ್ ಉದ್ದಕ್ಕೂ ಗಮನಿಸುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಇಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಕನ್ನಡದ ಹುಡುಗಿಯೊಬ್ಬಳು ಇದೇ ಕೌನ್ಸೆಲಿಂಗ್ ತರಬೇತಿಯಲ್ಲಿದ್ದಾಳೆ. ಲೋಕಲ್ ರೈಲಿನಿಂದ ಬಿದ್ದು ಕಾಲು ಕಳೆದುಕೊಂಡವರೊಬ್ಬರ ಎದುರು ಕೂತು, ಸಲಹೆ ಕೊಡುವ ಆತುರ ತಡೆದುಕೊಂಡು, ‘ನಿಮಗೆ ಯಾವ ಕೆಲಸ ಇಷ್ಟ?’ ಅಂತ ಕೇಳಿದಳಂತೆ. ಯಾವ ಪ್ರಶ್ನೆಪತ್ರಿಕೆ ಇದನ್ನು ಅಳೆಯುತ್ತದೆ, ಹೇಳಿ? ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ಆ ಮಾತುಕತೆಯನ್ನು ಮೇಲ್ವಿಚಾರಕರು ಕೂತು ಕೇಳಬೇಕು, ಸೆಮಿಸ್ಟರ್ ಮುಗಿಯುವ ತನಕ ಕಾಯದೆ ಅದೇ ವಾರ ಅವಳಿಗೆ ಬಿಡಿಸಿ ಹೇಳಬೇಕು.