ಆಕ್ ಒತ್ತಿ ಬೆಟ್ಟ ಹತ್ತಿದ ಶನಿವಾರ

ಆನ್‌ಕಾಲ್ ವಾರದಲ್ಲಿ, ಅಂದರೆ ಸಿಸ್ಟಮ್ ಕೆಟ್ಟರೆ ಯಾವ ಹೊತ್ತಿಗಾದರೂ ನಾವೇ ನೋಡಬೇಕಾದ ವಾರದಲ್ಲಿ, ಬೆಟ್ಟ ಹತ್ತಬಾರದು ಅಂತ ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ. ಸಿಗ್ನಲ್ ಇರಬೇಕು, ಲ್ಯಾಪ್‌ಟಾಪ್ ಜೊತೆಗಿರಬೇಕು, ಅಷ್ಟೇ. ನನ್ನ ಲ್ಯಾಪ್‌ಟಾಪ್ ಜೊತೆಗೇ ಇತ್ತು, ಕಾರಿನ ಡಿಕ್ಕಿಯಲ್ಲಿ.

ಅಕ್ಟೋಬರ್ ತಿಂಗಳ ಲಾಂಗ್ ವೀಕೆಂಡ್. ಅಪ್ಪ ವಿಜಯಪುರದಿಂದ ಬಂದು ಮೂರು ವಾರವಾಗಿತ್ತು. ನಾನು ಹಾರ್ಟ್‌ಫರ್ಡ್‌ನಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಬ್ಯಾಚ್ ಸಪೋರ್ಟ್, ಅಂದರೆ ತಾವಾಗಿ ಓಡುವ ಕಂಪ್ಯೂಟರ್ ಜಾಬ್‌ಗಳನ್ನು ನೋಡಿಕೊಳ್ಳುತ್ತೇನೆ. ಈ ಊರಲ್ಲಿ ಕಲ್ಲು ಎಸೆದರೆ ಇನ್ಶೂರೆನ್ಸಿನವನಿಗೇ ಬೀಳುತ್ತದೆ, ಹಾಗಾಗಿ ಕಂಪನಿ ಯಾವುದು ಅಂತ ಕೇಳಬೇಡಿ. ಮೂರು ವಾರದಲ್ಲಿ ಅಪ್ಪನಿಗೆ ತೋರಿಸಿದ್ದು ಕಾಸ್ಟ್‌ಕೋ ಮತ್ತು ದೇವಸ್ಥಾನ ಮಾತ್ರ. ಎಲೆ ಬಣ್ಣ ತಿರುಗುವ ಕಾಲ, ಹೊರಗೆ ಬಿಸಿಲು. ಸಿಮ್ಸ್‌ಬರಿಯ ಟ್ಯಾಲ್ಕಾಟ್ ಮೌಂಟನ್ ಸ್ಟೇಟ್ ಪಾರ್ಕ್‌ಗೆ ಕರೆದುಕೊಂಡು ಹೊರಟೆ. ಬೆಟ್ಟದ ತುದಿಯಲ್ಲಿ ಹ್ಯೂಬ್ಲೈನ್ ಟವರ್ ಇದೆ, 1914ರಲ್ಲಿ ಕಟ್ಟಿದ್ದು. ಪಾರ್ಕಿಂಗ್‌ನಿಂದ ಒಂದೂಕಾಲು ಮೈಲಿ ನಡಿಗೆ.

ಹೋಗೋದಕ್ಕೆ ಮುಂಚೆ ಒಂದು ಮಾತು. ಅವತ್ತು ಬೆಳಗ್ಗೆಯಿಂದ ಫೋನಿಗೆ ಒಂದೇ ಡಿಸ್ಕ್ ಅಲರ್ಟ್, ಅಂದರೆ ಸರ್ವರಿನ ಜಾಗ ತುಂಬುತ್ತಿದೆ ಅನ್ನೋ ಎಚ್ಚರಿಕೆ, ಬರುತ್ತಿತ್ತು. 85 ಪರ್ಸೆಂಟ್ ದಾಟುತ್ತದೆ, ಲಾಗ್ ಕ್ಲೀನಪ್ ಓಡುತ್ತದೆ, ಕೆಳಗಿಳಿಯುತ್ತದೆ, ಮತ್ತೆ ದಾಟುತ್ತದೆ. ಆ 85ರ ಮಿತಿ ಬದಲಿಸಿ ಅಂತ ಎಂಟು ತಿಂಗಳ ಹಿಂದೆ ಟಿಕೆಟ್ ಹಾಕಿದ್ದೇನೆ. ಅದು ಇನ್ನೂ ಬ್ಯಾಕ್‌ಲಾಗ್‌ನಲ್ಲೇ ಮಲಗಿದೆ. ಅಲರ್ಟ್ ಬಂದರೆ ಫೋನಿನಲ್ಲಿ ಒತ್ತುವ ಅಕ್ನಾಲೆಜ್ ಬಟನ್ನಿಗೆ ನಾವು ಆಕ್ ಅಂತೀವಿ. ತಿಂಡಿ ತಿನ್ನುವಾಗ ಒಮ್ಮೆ ಆಕ್, ಪೆಟ್ರೋಲ್ ಹಾಕಿಸುವಾಗ ಒಮ್ಮೆ, ಪಾರ್ಕಿಂಗ್‌ನಲ್ಲಿ ಒಮ್ಮೆ.

ದಾರಿಯ ಮೊದಲ ಏರು ಒಳ್ಳೇ ಕಡಿದಾಗಿದೆ. ಅಪ್ಪ ನನ್ನ ಭುಜ ಹಿಡಿದು ಹತ್ತುತ್ತಿದ್ದರು. ನಡುವೆ ನಿಂತು ಒಂದು ಕರಿ ಕಲ್ಲನ್ನು ಕೈಯಿಂದ ಸವರಿ, "ಇದು ನಮ್ಮ ಕಡಿ ಕಲ್ಲು ಇದ್ದಂಗ ಐತಲ್ಲೋ" ಅಂದರು. ತಪ್ಪೇನೂ ಅಲ್ಲ. ನಮ್ಮ ಕಡೆಯ ಕರಿಕಲ್ಲೂ ಲಾವಾ ಹರಿದು ಆದದ್ದೇ, ಈ ಬೆಟ್ಟಸಾಲೂ ಹಾಗೇ ಆದದ್ದು. ಇದಕ್ಕೆ ಸುಮಾರು 20 ಕೋಟಿ ವರ್ಷ, ನಮ್ಮ ದಖ್ಖನ್ ಕಲ್ಲಿಗೆ ಆರೂವರೆ ಕೋಟಿ ಚಿಲ್ಲರೆ. ನಮ್ಮದು ಚಿಕ್ಕ ತಮ್ಮ.

ಇದನ್ನೇ ಹೇಳುತ್ತಾ ನಿಂತಿದ್ದಾಗ ನಾಲ್ಕನೇ ಸಲ ಫೋನ್ ಅದುರಿತು. ಗಂಟೆ 10:52. ಲಾಕ್ ಸ್ಕ್ರೀನಿನಲ್ಲಿ ಅದೇ ಹೆಸರು, ಬಿಲ್-ರಿನ್ಯೂವಲ್-ಪ್ರಾಡ್, ಆಮೇಲೆ ಮೂರು ಚುಕ್ಕಿ. ನಮ್ಮ ಅಲರ್ಟ್‌ಗಳ ಹೆಸರು ಎಷ್ಟು ಉದ್ದ ಅಂದರೆ, ಬೇಕಾದ ಪದ ಯಾವಾಗಲೂ ಆ ಮೂರು ಚುಕ್ಕಿಯ ಆಚೆ ಇರುತ್ತದೆ. ಒಂದು ಸಲ ತೆರೆದು ನೋಡಬಹುದಿತ್ತು. ಎರಡು ಸೆಕೆಂಡಿನ ಕೆಲಸ. ಒಂದು ಭುಜದ ಮೇಲೆ ಅಪ್ಪನ ಕೈ, ಇನ್ನೊಂದರಲ್ಲಿ ಬುತ್ತಿ ಚೀಲ. ಹೆಬ್ಬೆರಳು ತಾನಾಗಿಯೇ ಹೋಗಿ ಆಕ್ ಒತ್ತಿಬಿಟ್ಟಿತು. ರೇಗಿ ಫೋನನ್ನೂ ಚೀಲಕ್ಕೆ ತುರುಕಿದೆ, ಅಪ್ಪನ ಸ್ವೆಟರಿನ ಕೆಳಗೆ.

ಅದು ಡಿಸ್ಕ್ ಅಲರ್ಟ್ ಆಗಿರಲಿಲ್ಲ. ರಿನ್ಯೂವಲ್ ಬಿಲ್ಲಿಂಗ್ ಜಾಬ್ ಅಬೆಂಡ್ ಆಗಿತ್ತು, ಅಂದರೆ ನಡುವೆಯೇ ಕೆಟ್ಟು ನಿಂತಿತ್ತು.

ನಾವು ಆರಾಮಾಗಿ ಹತ್ತಿದೆವು. ಒಂದು ಕಡೆ ಮರ, ಇನ್ನೊಂದು ಕಡೆ ಬಂಡೆಯಂಚು, ಕೆಳಗೆ ಫಾರ್ಮಿಂಗ್ಟನ್ ನದಿಯ ಕಣಿವೆ. ಅಪ್ಪ ಪ್ರತಿ ತಿರುವಿನಲ್ಲೂ ನಿಲ್ಲುತ್ತಿದ್ದರು, ಮಂಡಿಗೂ ಆಯಿತು, ನೋಡಿದಂತೆಯೂ ಆಯಿತು. ಟವರ್ ಕಂಡಾಗ ಅವರ ಮೊದಲ ಮಾತು, "ನಮ್ಮ ಉಪ್ಲಿ ಬುರುಜು ಇದರ ಮುತ್ತಜ್ಜ." ವಿಜಯಪುರದ ಉಪ್ಲಿ ಬುರುಜು 1584ರದ್ದು, ಸುಮಾರು 80 ಅಡಿ. ಇದು 165 ಅಡಿ, ಬೆಳ್ಳಗೆ, ಗಾಳಿಗೆ ಅಲ್ಲಾಡದ ಹಾಗೆ ಬಂಡೆಗೆ ಕಚ್ಚಿಸಿ ನಿಲ್ಲಿಸಿದ್ದಾರೆ. ಕಟ್ಟಿಸಿದ ಗಿಲ್ಬರ್ಟ್ ಹ್ಯೂಬ್ಲೈನ್ ಹೋಟೆಲ್ ಮತ್ತು ಮದ್ಯದ ವ್ಯಾಪಾರಿ. ಮದುವೆಗೆ ಮುಂಚೆ ತನ್ನ ಹುಡುಗಿ ಲೂಯಿಸ್ ಜೊತೆ ಇದೇ ಬೆಟ್ಟಕ್ಕೆ ಬಂದಾಗ ಇಲ್ಲಿ ನಿನಗೊಂದು ಕೋಟೆ ಕಟ್ಟಿಸುತ್ತೇನೆ ಅಂದನಂತೆ. ಬೇಸಿಗೆ ಮನೆ ಅಂತ ಕಟ್ಟಿದ್ದು ಇಷ್ಟು ಎತ್ತರ! ಆಮೇಲೆ ಒಂದು ಪತ್ರಿಕೆಯವರು ಕೊಂಡರು, ಐಸೆನ್‌ಹೋವರ್ ಕೂಡ ಬಂದಿದ್ದರಂತೆ, 1960ರ ದಶಕದಲ್ಲಿ ರಾಜ್ಯ ಸರ್ಕಾರದ ಕೈಗೆ ಬಂತು.

ಮೇಲಿನ ಕೋಣೆಗೆ ಸುತ್ತಲೂ ಕಿಟಕಿ. ಹಾರ್ಟ್‌ಫರ್ಡ್‌ನ ಕಟ್ಟಡಗಳು ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ ಕಾಣುತ್ತಿದ್ದವು. "ನಿನ್ನ ಆಫೀಸು ಯಾವುದೋ?" ಅಂದರು ಅಪ್ಪ. ತೋರಿಸೋಣ ಅಂತ ಬೆರಳು ಎತ್ತಿದೆ. ಫೋಟೋನೂ ತೆಗೆಯೋಣ ಅನ್ನಿಸಿ ಚೀಲಕ್ಕೆ ಕೈ ಹಾಕಿದೆ.

ಹನ್ನೊಂದು ಮಿಸ್ಡ್ ಕಾಲ್.

ಕೈ ತಣ್ಣಗಾಯಿತು ಅನ್ನೋದು ಸುಮ್ನೆ ಮಾತಿಗೆ ಹೇಳೋದಲ್ಲ. ಬ್ರಿಜ್‌ಗೆ, ಅಂದರೆ ಎಲ್ಲರೂ ಕೂಡಿ ಮಾತಾಡುವ ಕಾಲ್‌ಗೆ ಸೇರಿದೆ. ಸೆವ್ 1, ಅಂದರೆ ಅತಿ ಗಂಭೀರ ತೊಂದರೆ. ಹದಿನಾಲ್ಕು ಜನ ಇದ್ದರು. ಯಾರೋ ಹೇಳುತ್ತಿದ್ದರು, "10:52ಕ್ಕೆ ಆಕ್ ಆಗಿದೆ, ಪ್ರೈಮರಿ ನೋಡ್ತಿದಾರೆ." ಪ್ರೈಮರಿ ಅಂದರೆ ಮೊದಲು ನೋಡಬೇಕಾದವನು, ನಾನು. ಆ ಪ್ರೈಮರಿ ಅಪ್ಪನ ಸ್ವೆಟರ್ ಕಂಕುಳಲ್ಲಿ ಇಟ್ಟುಕೊಂಡು ಕಿಟಕಿ ಪಕ್ಕ ನಿಂತಿದ್ದ. ಮ್ಯಾನೇಜರ್ ನನ್ನ ಹೆಸರು ಹಿಡಿದು, ಸ್ಟೇಟಸ್ ಏನು ಅಂತ ಕೇಳಿದರು. ನಾನು ಹೇಳಿದ್ದು, "ಚೆಕ್ಕಿಂಗ್." ಇವತ್ತಿಗೂ ಆ ಪದ ನೆನೆಸಿಕೊಂಡರೆ ಹಲ್ಲು ಕಡಿಯುತ್ತೇನೆ. ಲಾಗಿನ್ ಆಗಿಲ್ಲ, ಬೆಟ್ಟದ ಮೇಲಿದ್ದೀನಿ, ನನ್ನ ನಂತರದ ಸರದಿಯ ಸೆಕೆಂಡರಿಯನ್ನು ಎಬ್ಬಿಸಿ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೆಂಗಳೂರಿನಲ್ಲಿ ಆಗ ರಾತ್ರಿ ಒಂಬತ್ತೂಕಾಲು. ಸೆಕೆಂಡರಿ ಹುಡುಗ ಎಚ್ಚರವಾಗಿಯೇ ಇದ್ದ, ಊಟ ಮುಗಿಸಿ ಕ್ರಿಕೆಟ್ ನೋಡುತ್ತಿದ್ದ. ಆಮೇಲೆ ಅವನೇ ಹೇಳಿದ, "ನಂಗೆ ಪೇಜೇ ಬರಲಿಲ್ಲ ಗುರೂ, ಬಂದಿದ್ರೆ ಹತ್ತು ನಿಮಿಷದ್ ಕೆಲಸ." ಬರೋದಾದರೂ ಹೇಗೆ? ಆಕ್ ಒತ್ತಿದ ಮೇಲೆ ಎಸ್ಕಲೇಶನ್, ಅಂದರೆ ಅಲರ್ಟ್ ಮುಂದಿನವನಿಗೆ ದಾಟೋದು, ನಿಲ್ಲುತ್ತದೆ. ಸುಮ್ಮನಿದ್ದಿದ್ದರೆ ಹದಿನೈದು ನಿಮಿಷಕ್ಕೆ ಅವನಿಗೆ ಹೋಗುತ್ತಿತ್ತು. ಅಂದರೆ ನಾನು ಫೋನನ್ನು ಬೆಟ್ಟದಿಂದ ಕೆಳಗೆಸೆದಿದ್ದರೂ ಕಂಪನಿಗೆ ಇದಕ್ಕಿಂತ ಒಳ್ಳೆಯದಾಗುತ್ತಿತ್ತು.

ಅಪ್ಪನನ್ನು ಟವರಿನ ಹತ್ತಿರ ಒಂದು ಮರದ ಮೇಜಿಗೆ ಕೂರಿಸಿ, ಬುತ್ತಿ ಚೀಲ ಕೊಟ್ಟು, "ಅಪ್ಪಾ, ಇಲ್ಲೇ ಕುಂತಿರು, ಎಲ್ಲೂ ಹೋಗಬ್ಯಾಡ" ಅಂತ ಹೇಳಿ ಓಡಿದೆ. ಒದ್ದೆ ಎಲೆ, ಕೆಳಗೆ ನುಣುಪು ಕಲ್ಲು. ಎರಡು ಕಡೆ ಜಾರಿದೆ. ಎದುರಿಗೆ ಹತ್ತಿ ಬರುತ್ತಿದ್ದ ಅಜ್ಜಿಯೊಬ್ಬರು ಮೇಲೆ ಕರಡಿ ಬಂದಿದೆಯಾ ಅಂತ ಕೇಳಿದರು. ಕಾರಿನಲ್ಲಿ ಕೂತು ಹಾಟ್‌ಸ್ಪಾಟ್ ಹಾಕಿದರೆ ಫೋನಿನಲ್ಲಿ 9 ಪರ್ಸೆಂಟ್ ಚಾರ್ಜ್, ಆಫೀಸಿನ ನೆಟ್‌ವರ್ಕ್ ಸೇರೋಕೆ ಬೇಕಾದ ವಿಪಿಎನ್ ಟೋಕನ್ನೂ ಅದೇ ಫೋನಿನಲ್ಲಿ. ಮೊದಲ ಕೋಡ್ ತಪ್ಪಾಯಿತು. ಎರಡನೆಯದು ಹಾಕುವಷ್ಟರಲ್ಲಿ ಬದಲಾಯಿತು. ಏನು ಮಾಡಬೇಕು ಅಂತ ಬರೆದಿಟ್ಟ ರನ್‌ಬುಕ್ ತೆರೆದರೆ ಅದರಲ್ಲಿ ಬರೆದಿದ್ದ ಸರ್ವರ್ ಈಗ ಇಲ್ಲವೇ ಇಲ್ಲ. ಕೊನೆಗೆ ನೋಡಿದರೆ ಹಿಂದಿನ ರಾತ್ರಿಯ ಒಂದು ಲಾಕ್ ಫೈಲ್ ಹಾಗೇ ಉಳಿದು ಜಾಬಿಗೆ ಅಡ್ಡ ನಿಂತಿತ್ತು. ಅದನ್ನು ತೆಗೆದು ಆ ಸ್ಟೆಪ್‌ನಿಂದ ರೀಸ್ಟಾರ್ಟ್ ಮಾಡಿದೆ, ಓಡಿತು. ಅಷ್ಟೇ. ಎಸ್‌ಎಲ್‌ಎ, ಅಂದರೆ ಮುಗಿಸುತ್ತೇವೆ ಅಂತ ಕೊಟ್ಟ ಗಡುವು, ಮಾತ್ರ ಆಗಲೇ ತಪ್ಪಿಹೋಗಿತ್ತು.

ಮತ್ತೆ ಮೇಲೆ ಹತ್ತಿದಾಗ ಎರಡು ಗಂಟೆ ದಾಟಿತ್ತು. ಅಪ್ಪ ಕಟಕ ರೊಟ್ಟಿಯನ್ನು ಶೇಂಗಾ ಚಟ್ನಿಗೆ ಮುರಿದು ತಿನ್ನುತ್ತಿದ್ದರು, ಎದುರಿಗೆ ಕೂತ ಬಿಳಿಯ ದಂಪತಿಗೂ ಕೊಟ್ಟಿದ್ದರು. ಅವರ ಕಣ್ಣಲ್ಲಿ ನೀರು, ಆದರೂ ಬಿಡುತ್ತಿರಲಿಲ್ಲ.

ಇಳಿಯುವಾಗ ಏನಾಯಿತು ಅಂತ ಕೇಳಿದರು. ಅಪ್ಪ ಕೆಇಬಿಯಲ್ಲಿ ಲೈನ್‌ಮನ್, ಹೆಸ್ಕಾಂ ಆದಮೇಲೆ ರಿಟೈರ್ ಆದವರು. ಕಂಬ ಹತ್ತೋಕೆ ಮುಂಚೆ ಲೈನಿನ ಕರೆಂಟ್ ತೆಗೆಸಿ ಪಡೆಯುವ ಅನುಮತಿಗೆ ಅವರಲ್ಲಿ ಎಲ್‌ಸಿ, ಲೈನ್ ಕ್ಲಿಯರ್ ಅಂತಾರೆ. ಆಕ್ ಅಂದರೆ ಏನು ಅಂತ ವಿವರಿಸಿದೆ. ಅರ್ಧಕ್ಕೇ ನಿಲ್ಲಿಸಿದರು.

"ಅಂದ್ರ ಎಲ್‌ಸಿ ತಗೊಂಡು ಚಾ ಕುಡ್ಯಾಕ ಹೋದಂಗಾತು. ಸ್ಟೇಷನ್‌ದಾಗಿನಾಂವ ನೀ ಕಂಬದ ಮ್ಯಾಲ ಅದಿ ಅಂತ ಸುಮ್ಕ ಕುಂತಿರ್ತಾನ. ಊರೆಲ್ಲಾ ಕತ್ತಲಿ. ಹೊಳ್ಳಿ ಕೊಡೂದಿಲ್ಲಂದ್ರ ತಗೋಬಾರದಪಾ."

ನಾಲ್ಕು ವರ್ಷದ ಆನ್‌ಕಾಲ್ ಟ್ರೇನಿಂಗಿನಲ್ಲಿ ಇದನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ನಾನು ಆಕ್ ಅಂದರೆ "ನೋಡಿದೆ" ಅಂದುಕೊಂಡಿದ್ದೆ. ಈಗ ಲಾಗಿನ್ ಆಗಿ ಲಾಗ್ ಕಣ್ಣಿಗೆ ಬೀಳುವ ತನಕ ಒತ್ತುವುದಿಲ್ಲ. ಸೆಕೆಂಡರಿಗೆ ಹೋದರೆ ಹೋಗಲಿ, ಬೈದರೆ ಬೈಯಲಿ.

ತಪ್ಪಿನ ಮೂಲ ಹುಡುಕುವ ಆರ್‌ಸಿಎ ಮೀಟಿಂಗ್ ಒಂದೂವರೆ ಗಂಟೆ ನಡೆಯಿತು. ರೂಟ್ ಕಾಸ್ ಕಾಲಂನಲ್ಲಿ ಹ್ಯೂಮನ್ ಎರರ್ ಅಂತ ಬರೆದರು. ಅಲರ್ಟ್ ಹೆಸರು ಚಿಕ್ಕದು ಮಾಡೋಣ ಅಂದೆ, ಅದು ಬೇರೆ ಟೀಮಿನದು ಅಂದರು. ನನಗೊಂದು ಆನ್‌ಲೈನ್ ಕೋರ್ಸ್ ಹಾಕಿದರು, ಕೊನೆಗೆ ಹತ್ತು ಪ್ರಶ್ನೆ. ಹತ್ತಕ್ಕೆ ಹತ್ತು ಬಂತು.

ಡಿಸ್ಕ್ ಅಲರ್ಟ್ ಈ ವಾರವೂ ಬರುತ್ತಿದೆ. ಅಪ್ಪ ಊರಿಗೆ ಹೋದ ಮೇಲೆ ಶನಿವಾರ ಫೋನ್ ಮಾಡಿದಾಗ ಮೊದಲು ಕೇಳೋದು, "ಇವತ್ತ ಎಲ್‌ಸಿ ಯಾರ ಕೈಯಾಗ ಐತಿ?" ನನ್ನದು ಅಂದರೆ, "ಹಂಗಾರ ಇಡ್ತೀನಿ" ಅಂತ ಇಟ್ಟೇಬಿಡುತ್ತಾರೆ.