ಹಡಗು ಹತ್ತಿ ಬಂದ ಗಾಳಿ ಗಿರಣಿ

ಅಮೆರಿಕದ ಒಮಾಹಾದಿಂದ ಡೆ ಮಾಯ್ನ್ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಎರಡೂ ಬದಿಗೆ ಮುಸುಕಿನ ಜೋಳ, ಇಲ್ಲವೇ ಸೋಯಾ. ಕಣ್ಣಿಗೆ ಬೇರೆ ಕೆಲಸವಿಲ್ಲ. ಸುಮಾರು ಒಂದು ಗಂಟೆ ಹೀಗೆಯೇ ಸಾಗಿ, ಉತ್ತರಕ್ಕೆ ತಿರುಗಿ ಆರೇಳು ಮೈಲಿ ಹೋದೆವು. ಅಲ್ಲಿ ಸಿಕ್ಕಿದ್ದು ಎಲ್ಕ್ ಹಾರ್ನ್. ಅಯೋವಾ ರಾಜ್ಯದ ಈ ಊರಿನ ಜನಸಂಖ್ಯೆ ಆರುನೂರರ ಆಸುಪಾಸು. ಇಷ್ಟು ಚಿಕ್ಕ ಊರಿನ ಮುಖ್ಯ ಬೀದಿಯಲ್ಲಿ ಅರವತ್ತು ಅಡಿ ಎತ್ತರದ ಗಾಳಿ ಗಿರಣಿಯೊಂದು ನಾಲ್ಕು ರೆಕ್ಕೆ ಚಾಚಿ ನಿಂತಿದೆ.

ಪ್ರವಾಸಿಗರನ್ನು ಸೆಳೆಯಲು ಕಟ್ಟಿದ ನಕಲು ಇದಲ್ಲ. 1848ರಲ್ಲಿ ಡೆನ್ಮಾರ್ಕಿನ ನೋರ್ರೆ ಸ್ನೇಡೆ ಎಂಬಲ್ಲಿ ಹಿಟ್ಟು ಬೀಸಲೆಂದೇ ಕಟ್ಟಿದ ಅಸಲಿ ಗಿರಣಿ. ಎಲ್ಕ್ ಹಾರ್ನಿನವರು ಚಂದಾ ಎತ್ತಿ ಅದನ್ನು ಕೊಂಡರು. ಡೆನ್ಮಾರ್ಕಿನ ಬಡಗಿಯೊಬ್ಬ ಮೊದಲು ಆಳೆತ್ತರದ ಮಾದರಿ ತಯಾರಿಸಿ, ಗಿರಣಿಯನ್ನು ಬಿಚ್ಚುತ್ತಾ ಹೋದಂತೆ ಅದರ ಮರಗಳಿಗೂ ಮಾದರಿಯ ತುಂಡುಗಳಿಗೂ ಒಂದೇ ಸಂಖ್ಯೆ ಹಾಕಿದ. ಹಡಗಿನಲ್ಲಿ ಬಂದಿಳಿದ ಆ ಮರದ ರಾಶಿಯನ್ನು 1976ರಲ್ಲಿ ಊರಿನ ಜನರೇ ಸಂಬಳವಿಲ್ಲದೆ ದುಡಿದು ಮತ್ತೆ ಜೋಡಿಸಿದರು. ಒಳಗಿನ ಮೆಟ್ಟಿಲು ಕಡಿದು. ಎರಡೂ ಕೈಯಲ್ಲಿ ಹಿಡಿದು ಹತ್ತಬೇಕು. ಮೇಲೆ ದಪ್ಪ ತೊಲೆಗಳು, ಒಂದರೊಳಗೊಂದು ಹಲ್ಲು ಕಚ್ಚಿ ನಿಂತ ಚಕ್ರಗಳು, ಬೀಸುವ ಕಲ್ಲು. ತೊಲೆಯ ಮೇಲೆ ಕೈಯಾಡಿಸಿದರೆ ಉಳಿಯ ಏಟಿನ ಗುರುತು ಬೆರಳಿಗೆ ತಾಗುತ್ತದೆ.

ಆದರೆ ಇದನ್ನು ತರಿಸಿದವರು ಡೆನ್ಮಾರ್ಕಿನಿಂದ ವಲಸೆ ಬಂದವರಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಎಂಬುದು ನನ್ನನ್ನು ಕಾಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜಮೀನು ಹುಡುಕಿಕೊಂಡು ಬಂದ ಹಿರಿಯರು 1878ರಲ್ಲೇ ಇಲ್ಲಿ ಡೇನಿಷ್ ಮಾದರಿಯ ಜಾನಪದ ಪ್ರೌಢಶಾಲೆ, ಅಂದರೆ ಬೆಳೆದ ಯುವಜನರು ಪರೀಕ್ಷೆಯ ಗೊಡವೆಯಿಲ್ಲದೆ ಕಲಿಯುವ ಶಾಲೆ, ತೆರೆದಿದ್ದರು. ಮನೆಯಲ್ಲೂ ಚರ್ಚಿನಲ್ಲೂ ಡೇನಿಷ್ ಮಾತೇ ನಡೆಯುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ, 1918ರ ಮೇ ತಿಂಗಳಲ್ಲಿ, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು: ಶಾಲೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ರೈಲಿನಲ್ಲಿ, ದೂರವಾಣಿಯಲ್ಲಿ, ಕಡೆಗೆ ದೇವರ ಪ್ರಾರ್ಥನೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ಗುರಿ ಜರ್ಮನ್ ಆಗಿದ್ದರೂ ಏಟು ಡೇನರಿಗೂ ಬಿತ್ತು. ಅಜ್ಜ ಅಜ್ಜಿಯರ ಬಾಯಿ ಕಟ್ಟಿದ ಐವತ್ತೆಂಟು ವರ್ಷಗಳ ನಂತರ, ಅದೇ ರಾಜ್ಯದಲ್ಲಿ, ಅಮೆರಿಕದ ಇನ್ನೂರನೇ ವರ್ಷದ ಸಂಭ್ರಮದ ನಡುವೆಯೇ ಡೇನಿಷ್ ಗಿರಣಿ ಎದ್ದು ನಿಂತಿತು. ಭಾಷೆ ಮಾತ್ರ ಅಷ್ಟು ಸುಲಭವಾಗಿ ಬಿಚ್ಚಿ ಜೋಡಿಸುವ ಸಾಮಾನಲ್ಲ. ಬೀದಿಯಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಇಂಗ್ಲಿಷೇ.

ಹತ್ತಿರದಲ್ಲೇ 1908ರಲ್ಲಿ ಕಟ್ಟಿದ 'ಬೆಸ್ಟೆಮೋರ್', ಅಂದರೆ ಅಜ್ಜಿಯ ಮನೆ ಇದೆ. ಇದನ್ನು ಕಟ್ಟಿದಾತ ತಾನು ಮೆಚ್ಚಿದ ಹುಡುಗಿಯನ್ನು ಒಲಿಸಿಕೊಳ್ಳಲೆಂದು ಕಟ್ಟಿಸಿದನಂತೆ. ಆಕೆ ಒಪ್ಪಲಿಲ್ಲ, ಆತ ಮದುವೆಯಾಗಲಿಲ್ಲ. ಅಂಥವನ ಮನೆಗೆ ಅಜ್ಜಿಯ ಹೆಸರು! ಹಳೆಯ ಕಾಲದ ಸಾಮಾನುಗಳಿಂದ ಅದನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾರೆ.

ಊರಂಚಿನ ಡೇನಿಷ್ ಅಮೆರಿಕ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಂಡು ಹೋಗಿ. ನನಗೆ ಒಳಗಿನ ಗಾಜಿನ ಪೆಟ್ಟಿಗೆಗಳಿಗಿಂತ ಹೊರಗಿನ ಹುಲ್ಲುಗಾವಲು ಹಿಡಿಸಿತು. ಅದಕ್ಕೆ ಯೆನ್ಸ್ ಯೆನ್ಸನ್ ಹೆಸರಿಟ್ಟಿದ್ದಾರೆ. ಡೆನ್ಮಾರ್ಕಿನ ಕೈತಪ್ಪಿ 1864ರ ಯುದ್ಧದಿಂದ ಜರ್ಮನ್ ರಾಜ್ಯವಾದ ಪ್ರಷ್ಯಾದ ಪಾಲಾದ ಸೀಮೆಯೊಂದರಲ್ಲಿ ಹುಟ್ಟಿದ ಈತ ಅಮೆರಿಕಕ್ಕೆ ಬಂದು, ಷಿಕಾಗೋದ ಉದ್ಯಾನಗಳಲ್ಲಿ ಆ ನೆಲದ್ದೇ ಗಿಡಗಳನ್ನು ಬೆಳೆಸಬೇಕೆಂದು ಹಟ ಹಿಡಿದು ಹೆಸರಾದವನು. ಡೇನರ ಸ್ಮಾರಕದ ಸುತ್ತ ಅಪ್ಪಟ ಅಯೋವಾದ ಹುಲ್ಲು ಬೆಳೆದಿರುವುದು ಆತನಿಗೆ ಒಪ್ಪಿಗೆಯಾಗುತ್ತಿತ್ತೇನೋ.

ಇಲ್ಲಿನ ಅಂಗಡಿಗಳಲ್ಲಿ ಏಬ್ಲೆಸ್ಕೀವರ್ ಎಂಬ ಉಂಡೆ ದೋಸೆಯ ಕಬ್ಬಿಣದ ಹಂಚು ಸಿಗುತ್ತದೆ. ನಮ್ಮ ಪಡ್ಡಿನ ಹಂಚೇ ಸರಿ, ಗುಳಿಗಳು ತುಸು ದೊಡ್ಡವು. ನನ್ನ ಹೆಂಡತಿ ಅದನ್ನು ಎತ್ತಿ ನೋಡಿ, ವಿಮಾನದ ತೂಕದ ಲೆಕ್ಕ ಹಾಕಿ, ಕೆಳಗಿಟ್ಟಳು.

ಮೂರು ಮೈಲಿ ಉತ್ತರದ ಕಿಂಬಲ್‌ಟನ್‌ನಲ್ಲಿ ಕೋಪನ್‌ಹೇಗನ್ನಿನ ಪುಟ್ಟ ಮತ್ಸ್ಯಕನ್ಯೆ ಪ್ರತಿಮೆಯ ಪ್ರತಿಕೃತಿಯೂ ಇದೆ. ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ, ಸಣ್ಣ ಕೊಳದ ಬಳಿ ಕುಳಿತಿದ್ದಾಳೆ. ಗಿರಣಿ ನೋಡಿದ ಮೇಲೆ ಈ ನಕಲು ಸಪ್ಪೆ ಎನ್ನಿಸಿತು. ಐದು ನಿಮಿಷ ನಿಂತು, ಚಿತ್ರ ತೆಗೆದು ಹೊರಟೆವು.